ನಮ್ಮ ಕಂಪ್ಯೂಟರಿನ ಮೆಮೊರಿ ತಿಂದವರು

ಗೆಳೆಯರೇ, ನಮ್ಮ ಮನೆಯ ಕಂಪ್ಯೂಟರಿಗೆ ಎಂಟು ಜಿಬಿ ಮೆಮೊರಿ ಸಾಕೋ ಹದಿನಾರು ಬೇಕೋ ಎಂಬುದು ಇಂದು ಬೆಳಿಗ್ಗೆ ಇತ್ಯರ್ಥವಾಯಿತು. ಇದ್ದದ್ದು ನಾಲ್ಕೇ. ಹೆಂಡತಿ ಅದರಲ್ಲಿ ಕೊಳ್ಳೇಗಾಲದ ನೇಕಾರರೊಬ್ಬರಿಗೆ ರೇಷ್ಮೆ ಸೀರೆಯ ಅಂಚಿನ ಡಿಸೈನ್ ಮಾಡಿಕೊಡುತ್ತಾಳೆ. ಇಂದು ಸಂಜೆಯೊಳಗೆ ಕಳಿಸದಿದ್ದರೆ ಆ ಕೆಲಸ ಬೇರೆಯವರ ಪಾಲು. ನಿನ್ನೆಯಿಂದ ಮೂರು ಸಲ ಕಂಪ್ಯೂಟರ್ ಅರ್ಧದಲ್ಲೇ ನಿಂತುಹೋಗಿತ್ತು.

ರಿಪೇರಿ ಮಾಡುವ ಮಾದೇವ ಮನೆಗೆ ಬಂದ. "ಹದಿನಾರೇ ಹಾಕಿಬಿಡಪ್ಪ" ಎಂದೆ.

"ತಡೀರಿ ಸಾ. ಯಾವ್ದು ಎಷ್ಟ್ ತಿಂತಾ ಅದೆ ಅಂತ ಮೊದ್ಲು ನೋಡವ. ದಿನಾ ಎಂಗ್ ಇಟ್ಕಂಡಿರ್ತೀರೋ ಅಂಗೇ ಎಲ್ಲ ತೆಗೀರಿ."

ತೆಗೆದೆವು. ಯಾವುದಕ್ಕೆ ಎಷ್ಟು ಮೆಮೊರಿ ಹೋಗುತ್ತಿದೆ ಎಂಬ ಪಟ್ಟಿಯನ್ನು ಅವನು ಪರದೆಯ ಮೇಲೆ ತಂದ. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಡಿಸೈನಿಗೆ ಬೇಕಾದದ್ದು ಮುಕ್ಕಾಲು ಜಿಬಿ. ಬ್ರೌಸರಿಗೆ ಎರಡು ಜಿಬಿ! ಅದರಲ್ಲಿ ನಾನು ವಾರದಿಂದ ಮುಚ್ಚದೆ ಬಿಟ್ಟಿದ್ದ ಪತ್ರಿಕೆಗಳ ಇಪ್ಪತ್ತಾರು ಪುಟಗಳಿದ್ದವು.

"ಇದೇನ್ ಸಾ, ಇಷ್ಟೊಂದ್ ಪೇಪರು?"

"ಓದಿ ಮುಗಿದಿಲ್ಲ" ಎಂದೆ.

"ಅಟ್ಟದ್ ಮ್ಯಾಲೆ ಅಳೇ ಪೇಪರ್ ಗುಡ್ಡೆ ಸಾಲ್ದು ಅಂತ ಇಲ್ಲೂ ಒಟ್ಟವ್ರೆ ಕಣಪ್ಪ" ಎಂದಳು ಹೆಂಡತಿ. "ಅದ್ನಾರು ಜಿಬಿ ಆಕುದ್ರೆ ಏನಾದದು?"

"ಇನ್ನೂ ನೂರ್ ಪೇಪರ್ ತೆಗೀತಾರೆ, ಅಷ್ಟೇಯ ಅಕ್ಕ."

ಮಾದೇವ ಇನ್ನೊಂದು ನಾಲ್ಕು ಹಾಕಿ ಎಂಟು ಮಾಡಿದ. ಡಿಸೈನ್ ಮಧ್ಯಾಹ್ನವೇ ನೇಕಾರರನ್ನು ತಲುಪಿತು. ಹೊಸ ನಾಲ್ಕು ಜಿಬಿ ಯಾರಿಗೆ ಸೇರಿದ್ದು ಎಂಬುದೂ ಅಲ್ಲೇ ತೀರ್ಮಾನವಾಯಿತು. ಹಾಗಾಗಿ ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ.