ಏಳು ಕೋಟಿಯ ಮುಂದಿನ ಅಂಕಿ

ನಮ್ಮ ಗಣಿತದ ಮಾಸ್ತರರ ಬಲಗೈ ಹೆಬ್ಬೆರಳು ಯಾವಾಗಲೂ ಬೆಳ್ಳಗಿರುತ್ತಿತ್ತು. ಡಸ್ಟರು ಮೇಜಿನ ಮೇಲೇ ಇದ್ದರೂ ಅವರು ಬೋರ್ಡು ಒರೆಸುತ್ತಿದ್ದುದು ಆ ಬೆರಳಿನಿಂದ, ಒಂದೊಂದೇ ಅಂಕಿಯಾಗಿ. ಬಲಗೈಯೋ ಎಡಗೈಯೋ ಎಂದು ಈಗ ಅನುಮಾನ ಬರುತ್ತದೆ. ಬಿಳುಪು ಮಾತ್ರ ಖಚಿತ.

ರಾಣೆಬೆನ್ನೂರಿನ ಆ ತರಗತಿಯಲ್ಲಿ ಒಮ್ಮೆ ಅವರು 7,39,39,133 ಎಂದು ಬರೆದು ಒಬ್ಬನಿಗೆ ಓದಲು ಹೇಳಿದರು. ಅವನು ‘ಏಳು ಕೋಟಿ’ ಎನ್ನುವಷ್ಟರಲ್ಲಿ ಹಿಂದಿನ ಬೆಂಚು ‘ಚಾಂಗಮಲೋ’ ಎಂದು ಮುಗಿಸಿಬಿಟ್ಟಿತು. ದೇವರಗುಡ್ಡದ ಜಾತ್ರೆಯಲ್ಲಿ ಗೊರವರು ದೇವರ ಹೆಸರಿನಲ್ಲಿ ಕೂಗುವ ಈ ಘೋಷ ಕೇಳಿ ಬೆಳೆದವರಿಗೆ ಏಳು ಕೋಟಿಯ ಮುಂದೆ ಬೇರೇನೂ ಬರುವಂತಿರಲಿಲ್ಲ. ಆ ದನಿಗಳಲ್ಲಿ ನನ್ನದೂ ಇತ್ತೆಂದು ಹೇಳಿಕೊಂಡು ಬಂದಿದ್ದೇನೆ. ಇದ್ದಿರಲಾರದು, ನಾನು ಕೂರುತ್ತಿದ್ದುದು ಮುಂದಿನ ಬೆಂಚಿನಲ್ಲಿ.

ಮಾಸ್ತರರು ಬೈಯಲಿಲ್ಲ. “ಭಕ್ತಿ ಆಮ್ಯಾಲೆ ಮಾಡೀರಂತ. ಮೊದಲ ಇದನ್ನ ಯಾದರಿಂದರ ಭಾಗಿಸಾಕ ಬರತೈತೇನು ನೋಡ್ರಿ” ಎಂದರು. ಬರುವುದಿಲ್ಲ. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರಾವುದಕ್ಕೂ ಬಗ್ಗದ ಅವಿಭಾಜ್ಯ ಸಂಖ್ಯೆ ಅದು. ಹೆಬ್ಬೆರಳಿನಿಂದ ಕೊನೆಯ ಮೂರನ್ನು ಅಳಿಸಿದರು. ಉಳಿದದ್ದೂ ಅವಿಭಾಜ್ಯ. ಇನ್ನೊಂದು ಮೂರು ಅಳಿಸಿದರು, ಆಗಲೂ ಹಾಗೆಯೇ. ಹೀಗೆ ಬಲದಿಂದ ಒಂದೊಂದೇ ಅಂಕಿ ಹೋಗುತ್ತಾ ಕೊನೆಗೆ 73, ಆಮೇಲೆ ಬರೀ 7 ಉಳಿಯಿತು. ಎಲ್ಲಿಯೂ ಅದು ಒಡೆಯಲಿಲ್ಲ.

ನಿವೃತ್ತರಾಗಿ ಬ್ಯಾಡಗಿಯಲ್ಲಿ ನೆಲೆಸಿದ ಮೇಲೆ ಅವರು ಅದೇ ಸಂಖ್ಯೆಯನ್ನು ಇನ್ನೊಂದು ದಿಕ್ಕಿನಿಂದ ಹಿಡಿದರು. ಈ ಬಗೆಯ ಸಂಖ್ಯೆಗಳಲ್ಲಿ ಇದೇ ಕೊನೆಯದು, ಬಲಕ್ಕೆ ಇನ್ನು ಯಾವ ಅಂಕಿ ಸೇರಿಸಿದರೂ ಅದು ಒಡೆಯುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಅವರಿಗೆ ಅದನ್ನು ಕೈಯಾರೆ ಮಾಡಿ ನೋಡಬೇಕಿತ್ತು. ಸಮ ಅಂಕಿಗಳೂ ಐದೂ ಮೊದಲೇ ಹೋದವು. ಒಂದನ್ನೋ ಏಳನ್ನೋ ಸೇರಿಸಿದರೆ ಮೂರರಿಂದ ಭಾಗವಾಗುತ್ತದೆ. ಕಾಡಿದವು ಮೂರು ಮತ್ತು ಒಂಬತ್ತು.

ನಾನು ಹಾವೇರಿಯಿಂದ ಹೋದಾಗಲೆಲ್ಲ ಅವರು ಪಾಟಿ, ಬಳಪ ಹಿಡಿದು ಭಾಗಿಸುತ್ತಿರುತ್ತಿದ್ದರು. “ದೇವರಗುಡ್ಡಕ್ಕ ಹೋಗೂಣು ಅಂದ್ರ ಬರೂದಿಲ್ಲ, ಮನ್ಯಾಗ ಕುಂತು ಏಳು ಕೋಟಿ ಅಂತಾರ” ಎಂದು ಅವರ ಹೆಂಡತಿ ಚಹಾ ಕೊಡುತ್ತಾ ಹೇಳುತ್ತಿದ್ದರು. ಒಮ್ಮೆ ನಾನು ಉತ್ತರ ನೋಡಿಬಿಡೋಣವೆಂದು ಫೋನ್ ತೆಗೆದೆ.

“ಕಿಸೆದಾಗ ಇಡು ಅದನ್ನ. ನೀ ಹೇಳಿದ್ರ ನನಗೇನ ಉಳೀತೈತಿ, ಚಾ?”

ಮೂರು ಸೇರಿಸಿದ ಸಂಖ್ಯೆಯ ಭಾಜಕ ಅವರಿಗೆ ಸಿಕ್ಕಿತು. ಒಂಬತ್ತರದು ಸಿಗುವ ಮೊದಲೇ ಹಾವೇರಿಯಲ್ಲಿ ಆಸ್ಪತ್ರೆ ಸೇರಿದರು. ಕೊನೆಯ ಸಲ ಹೋದಾಗ, “ಒಂಬತ್ತರದ್ದು ಫೋನಿನ್ಯಾಗ ನೋಡಿಯೇನು?” ಎಂದು ಕೇಳಿದರು. ಇಲ್ಲವೆಂದೆ. ಆಗ ಅವರು ‘ನೀ ಮಾಡು’ ಎಂದರೋ ‘ನೀ ಬಿಡು’ ಎಂದರೋ ತಿಳಿಯಲಿಲ್ಲ, ದನಿ ಬಿದ್ದುಹೋಗಿತ್ತು. ಮತ್ತೆ ಕೇಳಲು ಮನಸ್ಸಾಗಲಿಲ್ಲ. ಮುಂದಿನ ವಾರ ತೀರಿಕೊಂಡರು.

ಮಾಡು ಎಂದರೆಂದೇ ಇಟ್ಟುಕೊಂಡಿದ್ದೇನೆ. ನನಗೆ ಬೇಕಾದ್ದನ್ನೇ ಕೇಳಿಸಿಕೊಂಡಿರಬಹುದು. ಅವರ ಪಾಟಿ ಈಗ ನನ್ನ ಮೇಜಿನ ಮೇಲಿದೆ. ಫೋನೂ ಪಕ್ಕದಲ್ಲೇ ಇರುತ್ತದೆ. ಭಾಗಿಸುತ್ತೇನೆ, ಶೇಷ ಉಳಿಯುತ್ತದೆ. ಹೆಬ್ಬೆರಳಿನಿಂದ ಒರೆಸಿ ಮುಂದಿನ ಭಾಜಕ ಬರೆಯುತ್ತೇನೆ.