ಮಾಬೂಬಿಗೆ ಕೊಟ್ಟ ಮಾತ್ರೆ

ಕಿರ್ರ್, ಟಕ್. ಕಿರ್ರ್, ಟಕ್. ಬಾಗಿಲ ಮೇಲಿನ ರಾಟೆಗೆ ಹಗ್ಗ ಹಾಕಿ, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಮೇಲೆಳೆಯುವ ಸದ್ದು. ಗಂಗಾವತಿಯ ಆ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗುವುದು ಬಿಟ್ಟು ವರ್ಷಗಳಾದವು. ನಿನ್ನೆ ಯಲಬುರ್ಗಾದಿಂದ ಗೆಳತಿ ಫೋನ್ ಮಾಡಿ, ನಾಳೆಯಿಂದ ತನಗೂ ಫಿಸಿಯೋಥೆರಪಿ ಶುರು, ಏನೇನು ತಿಳಿದುಕೊಂಡು ಹೋಗಬೇಕು ಎಂದು ಕೇಳಿದಾಗ ಮೊದಲು ಕಿವಿಗೆ ಬಂದದ್ದು ಅದೇ.

ಹಳೆಯ ಎಕ್ಸ್-ರೇ, ರಿಪೋರ್ಟು ಎಲ್ಲ ಒಯ್ಯಿ, ಸಡಿಲ ಬಟ್ಟೆ ಹಾಕಿಕೋ, ಶುಗರು, ಬಿಪಿ ಮುಚ್ಚಿಡಬೇಡ, ವಾರದಲ್ಲಿ ಓಡಾಡುವ ಆಸೆ ಇಟ್ಟುಕೊಳ್ಳಬೇಡ ಎಂದೆ. ಇಷ್ಟನ್ನು ಯಾರಾದರೂ ಹೇಳುತ್ತಾರೆ. ಉಳಿದದ್ದು ಬಾಯಿಗೆ ಬರಲಿಲ್ಲ. ಅದನ್ನು ನಿಮಗೆ ಹೇಳುತ್ತೇನೆ.

ನನಗೆ ಮೊಣಕಾಲು, ಅದೇ ಹೊತ್ತಿಗೆ ಅಲ್ಲಿಗೆ ಬರುತ್ತಿದ್ದ ಮಾಬೂಬಿಗೆ ಬಲಭುಜ. ಆಕೆ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವವಳು. ಭುಜ ಬಿಗಿದು ಕೂತಿತ್ತು. ಅದು ಸಡಿಲಾಗದಿದ್ದರೆ ಹಂಚಿನ ಮುಂದಿನ ಜಾಗ ಬೇರೆಯವಳ ಪಾಲು. ನಮ್ಮ ಕಡೆ ಫಿಸಿಯೋಥೆರಪಿ ಎಂದರೆ ‘ಕರೆಂಟ್ ಕೊಡೋದು’. ಮಾಬೂಬಿಯೂ ಮೊದಲ ದಿನ, ವ್ಯಾಯಾಮ ಇರಲಿ, ಕರೆಂಟನ್ನೇ ಇನ್ನಷ್ಟು ಕೊಡಿ ಎಂದು ಕೇಳಿದವಳು. ಕುಷ್ಟಗಿಯಿಂದ ಬಂದ ಡಾಕ್ಟ್ರಮ್ಮ, ನನ್ನ ಸ್ಟೂಡೆಂಟುಗಳ ವಯಸ್ಸಿನ ಹುಡುಗಿ, ಕರೆಂಟು ನೋವನ್ನು ಸ್ವಲ್ಪ ತಣ್ಣಗೆ ಮಾಡುತ್ತದೆ, ಕೈಯನ್ನು ಮಾತ್ರ ನೀವೇ ಆಡಿಸಬೇಕು, ಮನೆಯಲ್ಲೂ ಆಡಿಸಬೇಕು ಎಂದು ಪೇಷನ್ಸಿನಿಂದ ಹೇಳಿದ್ದಳು. ಡಾಕ್ಟ್ರಮ್ಮ ಹಿಡಿದು ಕೈ ಎತ್ತಿದಾಗಲೆಲ್ಲ ಮಾಬೂಬಿ “ಯಾ ಅಲ್ಲಾ, ಸತ್ನೆವ್ವಾ” ಎನ್ನುವಳು. ಡಾಕ್ಟ್ರಮ್ಮ ಸರಿಯಾಗಿ ಅಲ್ಲಿಗೇ ನಿಲ್ಲಿಸುವಳು.

ನಾನು ಕೂಗುತ್ತಿರಲಿಲ್ಲ. ನೋವಾದರೂ ‘ಫೈನ್, ಥ್ಯಾಂಕ್ ಯೂ’ ಅನ್ನಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲ. ಕಲಿಸಿದ್ದು ಸಾಲದೇನೋ ಎಂದು, ಹೋಗುವ ಮುಂಚೆ ಗುಟ್ಟಾಗಿ ಒಂದು ಪೇನ್ ಕಿಲ್ಲರ್ ನುಂಗುತ್ತಿದ್ದೆ. ಎಪ್ಪತ್ತರ ಹತ್ತಿರದಲ್ಲೂ ಗುಡ್ ಗರ್ಲ್ ಅನ್ನಿಸಿಕೊಳ್ಳುವ ಚಪಲ.

“ಅಕ್ಕಾರ, ನಿಮಗ ನೋಯಂಗಿಲ್ಲೇನ್ರಿ? ನಾ ಒಬ್ಬಾಕಿನ ಕತ್ತೆ ಒದರಿದಂಗ ಒದರ್ತೀನಿ,” ಎಂದು ಮಾಬೂಬಿ ಒಂದು ದಿನ ಕೇಳಿದಳು. ಪರ್ಸು ತೆಗೆದು ಒಂದು ಮಾತ್ರೆ ಕೊಟ್ಟೆ. ಡಾಕ್ಟ್ರಮ್ಮನಿಗೆ ಹೇಳಬೇಡ ಎಂದೆ. ಕ್ಲಾಸಿನಲ್ಲಿ ಕದ್ದು ಚಾಕಲೇಟ್ ಹಂಚಿಕೊಂಡಷ್ಟು ಸಲೀಸಾಗಿ.

ಅದನ್ನು ನುಂಗಿ ಅರ್ಧ ಗಂಟೆಯ ಮೇಲೆ ಒಳಗೆ ಹೋದವಳು ಅಂದು ಒಂದು ಸಲವೂ ಕೂಗಲಿಲ್ಲ. ನೋವಿದೆಯೇ ಎಂದು ಕೇಳಿದರೆ ಇಲ್ಲವೆಂದಳು. ಡಾಕ್ಟ್ರಮ್ಮ ಇನ್ನಷ್ಟು ಎತ್ತಿದಳು, ಮತ್ತಷ್ಟು ಎತ್ತಿದಳು. ಮೂವರಿಗೂ ಖುಷಿ. ನಾನು ಚಪ್ಪಾಳೆ ಕೂಡ ತಟ್ಟಿದೆ.

ಮರುದಿನ ಆ ಕೈ ಮಡಿಲಿನಿಂದ ಮೇಲೇಳಲಿಲ್ಲ. ಮತ್ತೆರಡು ದಿನ ಬಂದಳು, ಆಮೇಲೆ ಬರಲೇ ಇಲ್ಲ. ತಾನೆಲ್ಲಿ ತಪ್ಪಿದೆನೆಂದು ಡಾಕ್ಟ್ರಮ್ಮ ನನ್ನೆದುರೇ ಯೋಚಿಸುತ್ತ ನಿಂತಾಗಲೂ ನಾನು ಬಾಯಿ ಬಿಡಲಿಲ್ಲ. ಮಾತ್ರೆ ನುಂಗುವುದೇ ತಪ್ಪಲ್ಲ, ಕೆಲವರಿಗೆ ಡಾಕ್ಟರೇ ಬರೆದುಕೊಡುತ್ತಾರೆ. ನುಂಗಿದ್ದನ್ನು ಹೇಳದಿರುವುದು, ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವುದು ತಪ್ಪು. ಎಲ್ಲಿ ನಿಲ್ಲಿಸಬೇಕೆಂದು ಡಾಕ್ಟ್ರಮ್ಮನಂಥವರಿಗೆ ತಿಳಿಯುವುದು ನಮ್ಮ ನೋವಿನಿಂದಲೇ. ಅಂದಹಾಗೆ, ನನ್ನ ಮೊಣಕಾಲು ಚೆನ್ನಾಗಿಯೇ ಮಡಚಿತು.

ಗಂಗಾವತಿ ಬಿಟ್ಟು ಕೊಪ್ಪಳಕ್ಕೆ ತಂಗಿಯ ಮನೆಗೆ ಬಂದು ನೆಲೆಸುವ ಮುಂಚೆ ಆ ಖಾನಾವಳಿಗೆ ಹೋದೆ. ಹಂಚಿನ ಮುಂದೆ ಬೇರೆ ಯಾರೋ ಇದ್ದಳು. ಮಾಬೂಬಿ ಹಿತ್ತಿಲ ಕಡೆ ಕೂತು ಎಡಗೈಯಲ್ಲಿ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು, ಅಂದು ಕೆಟ್ಟದ್ದು ನನ್ನ ಮಾತ್ರೆಯಿಂದ ಎಂದು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಎಡಗೈಯಿಂದ ಬಲಭುಜ ಮುಟ್ಟಿಕೊಂಡಳು.

“ಹಂಗಾರ ನನ್ನ ಕೈ ಪೂರಾ ಕೆಟ್ಟಿಲ್ಲೇನ್ರಿ, ಅಕ್ಕಾರ? ಡಾಕ್ಟ್ರಮ್ಮನ ಕೈಲೂ ಆಗಂಗಿಲ್ಲ ಅಂತ ನಾ ಹೋಗೋದ ಬಿಟ್ಟೆ.”

ಕೆಟ್ಟಿಲ್ಲ ಅನ್ನಿಸುತ್ತದೆ, ಹೋಗಿ ಎಲ್ಲ ಹೇಳು, ನನ್ನ ಹೆಸರನ್ನೂ ಹೇಳು ಎಂದೆ. ಮಡಿಲಿನ ಸೊಪ್ಪನ್ನು ಬುಟ್ಟಿಗೆ ಸುರಿದು ಎದ್ದಳು. ನಾಳೆ ಮುಂಜಾನೆ ರಜೆ ಕೇಳಬೇಕು ಎನ್ನುತ್ತ, ಊಟಕ್ಕೆ ಕೂತವರ ನಡುವೆ ದಾರಿ ಮಾಡಿಕೊಂಡು ಮಾಲೀಕನ ಕಡೆ ಹೋದಳು. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ.