ಮಧ್ವರಾಜರು ವಿಮಾನ ನಿಲ್ಲಿಸಿದ್ದು

ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯಲ್ಲಿ ಸ್ವಂತ ವಿಮಾನ ಇದ್ದದ್ದು ಮಧ್ವರಾಜರೊಬ್ಬರಿಗೇ. ಉಳಿದವರಿಗೆ ಕಾರುಗಳಿದ್ದವು; ಅವನ್ನು ಎಲ್ಲಿ ನಿಲ್ಲಿಸುವುದೆಂದು ಪ್ರತಿ ಮೀಟಿಂಗಿನಲ್ಲೂ ಜಗಳವಾಗುತ್ತಿತ್ತು. ಮಧ್ವರಾಜರ ವಿಮಾನ ಯಾರ ಜಾಗವನ್ನೂ ಕೇಳಲಿಲ್ಲ. ಬೆಡ್‌ರೂಮಿನ ಕಪಾಟಿನ ಮೇಲೆ, ಅವರ ಹೆಂಡತಿ ಪುಷ್ಪಾವತಿಯವರ ಸೂಟ್‌ಕೇಸಿಗೂ ಚೌತಿಯ ದೊಡ್ಡ ಪಾತ್ರೆಗಳಿಗೂ ನಡುವೆ ಅದು ಮಲಗುತ್ತಿತ್ತು. ತೂಕ ನೂರಾ ಅರವತ್ತು ಗ್ರಾಮ್. ತಮ್ಮ ಹೋಟೆಲಿನ ಮಸಾಲೆ ದೋಸೆ ಇದಕ್ಕಿಂತ ಭಾರ ಎಂದು ಅವರೇ ಹೇಳುತ್ತಿದ್ದರು, ಹತ್ತಿರ ಗಿರಾಕಿಗಳು ಇಲ್ಲದಾಗ.

ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದವರು. ಕಪ್ಪುಬಸಿ ತೊಳೆಯುವಲ್ಲಿಂದ ಶುರು ಮಾಡಿ, ಟೇಬಲ್ ಒರೆಸಿ, ಆರ್ಡರ್ ಕೂಗಿ, ಕೊನೆಗೆ ಸ್ಟೇಷನ್ ಎದುರಿನ ಹೋಟೆಲಿನ ಗಲ್ಲಾದ ಹಿಂದೆ ಕೂತರು. ಗಲ್ಲಾ ಎಂದರೆ ಒಂದು ಬಗೆಯ ಸೆರೆಮನೆ, ಬೀಗದ ಕೈ ಕೈದಿಯ ಹತ್ತಿರವೇ ಇರುತ್ತದೆ, ಅಷ್ಟೇ ವ್ಯತ್ಯಾಸ. ಅಲ್ಲಿ ಕೂತ ಮನುಷ್ಯನಿಗೆ ಹಾರಾಟದ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಮೊಬೈಲಿನಲ್ಲಿ ಯಾರೋ ಫೋಮಿನ ಹಾಳೆ ಕತ್ತರಿಸಿ, ಅದಕ್ಕೊಂದು ಮೋಟಾರು ಸಿಕ್ಕಿಸಿ, ರಿಮೋಟಿನಲ್ಲಿ ಹಾರಿಸಿ ಪಲ್ಟಿ ಹೊಡೆಸುವುದನ್ನು ನೋಡಿದರು. ಮಾರನೆಯ ವಾರ ಸ್ವತಃ ಕತ್ತರಿಸಲು ಕೂತರು.

ಫೋಮ್ ಒದಗಿಸುತ್ತಿದ್ದವನು ರೇವಣಸಿದ್ದ. ವಿಜಯಪುರ ಕಡೆಯವನು, ಭಿವಂಡಿಯ ಗೋದಾಮೊಂದರಲ್ಲಿ ಲೋಡಿಂಗ್ ಕೆಲಸ. ಟಿವಿ ಡಬ್ಬಗಳಲ್ಲಿ ಬರುವ ತೆಳ್ಳಗಿನ ಬಿಳಿ ಹಾಳೆಗಳನ್ನು ಗೋದಾಮಿನವರು ಕಸಕ್ಕೆ ಎಸೆದರೆ, ಅವನು ಸುರುಳಿ ಸುತ್ತಿ ಹೋಟೆಲಿಗೆ ತರುತ್ತಿದ್ದ.

“ಅಣ್ಣಾರ, ಟಿವಿ ಮಂದಿ ಮನಿಗೆ ಹೋತು, ಅದರ ಹಾಸಿಗಿ ನಿಮ್ಮ ಮನಿಗೆ ಬಂತು ನೋಡ್ರಿ,” ಎನ್ನುತ್ತಿದ್ದ.

“ಹಾಸಿಗೆ ಅಲ್ಲ ಮಾರಾಯ, ರೆಕ್ಕೆ.”

“ರೆಕ್ಕಿ ಆಗೂತನಕ ಹಾಸಿಗೀನ ರೀ.”

ಆ ಹಾಳೆಯಲ್ಲಿ ರೆಕ್ಕೆ, ಬಾಲ, ಮೈ ಎಲ್ಲವನ್ನೂ ಚಪ್ಪಟೆಯಾಗಿ ಕತ್ತರಿಸಿ, ಒಂದಕ್ಕೊಂದು ಅಡ್ಡಲಾಗಿ ಸಿಕ್ಕಿಸಿ ಅಂಟಿಸಬೇಕು. ಬಾಗದಿರಲು ಕಡ್ಡಿಪೊರಕೆಯ ಕಡ್ಡಿಯಷ್ಟು ತೆಳುವಾದ ಕಾರ್ಬನ್ ಕಡ್ಡಿ. ಅಂಟು ಒಂದು ಹನಿ ಹೆಚ್ಚಾದರೆ ಮಧ್ವರಾಜರು ಅದನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. ಹೋಟೆಲಿನ ಏಲಕ್ಕಿ ತೂಗುವ ಯಂತ್ರದಲ್ಲಿ ವಿಮಾನ ಇಟ್ಟು, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಉಸಿರಿಗೂ ತೂಕ ಇರಬಹುದೆಂಬ ಅನುಮಾನ ಅವರಿಗೆ.

ಮೊದಲು ಸಾನಪಾಡಾದ ಹಿನ್ನೀರಿನ ಖಾಡಿಯ ಬದಿಯ ಖಾಲಿ ಜಾಗದಲ್ಲಿ ಹಾರಿಸುತ್ತಿದ್ದರು. ನವಿ ಮುಂಬಯಿಯ ಹೊಸ ಏರ್‌ಪೋರ್ಟಿಗೆ ನಿಜವಾದ ವಿಮಾನಗಳು ಬರುವ ಹೊತ್ತಾದಾಗ ಮಸಾಲೆ ದೋಸೆಗಿಂತ ಹಗುರವಾದದ್ದಕ್ಕೆ ಅಲ್ಲಿ ಆಕಾಶ ಸಿಗಲಿಲ್ಲ. ಆಮೇಲೆ ಕಲ್ಯಾಣದ ಆಚೆ, ಇನ್ನೂ ಯಾವ ಬಿಲ್ಡರನ ಬೋರ್ಡೂ ಬೀಳದ ಒಂದು ಬಯಲು. ಭಾನುವಾರ ಬೆಳಿಗ್ಗೆ ಅಲ್ಲಿ ನಾಲ್ಕೈದು ಜನ ಸೇರುತ್ತಿದ್ದರು. ಎಲ್ಲರದೂ ಒಂದೇ ಗುರಿ: ಹೋವರ್. ಅಂದರೆ ವಿಮಾನದ ಮೂಗು ನೇರ ಆಕಾಶಕ್ಕೆ, ಬಾಲ ನೇರ ನೆಲಕ್ಕೆ. ಮುಂದೆ ಹೋಗದೆ, ಕೆಳಗೆ ಬೀಳದೆ, ಬರೀ ಫ್ಯಾನಿನ ಬಲದ ಮೇಲೆ ಗಾಳಿಯಲ್ಲಿ ನಿಂತುಕೊಳ್ಳಬೇಕು. ಎರಡು ಹೆಬ್ಬೆರಳುಗಳು ಒಂದು ಕ್ಷಣವೂ ಬಿಡದೆ ರಿಮೋಟಿನ ಸ್ಟಿಕ್ಕುಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡುತ್ತಿರಬೇಕು. ಮಧ್ವರಾಜರು ಎದೆಯೆತ್ತರದಲ್ಲಿ ವಿಮಾನ ನಿಲ್ಲಿಸಿ, ಬೇಕಾದರೆ ಪಕ್ಕದವರು ಅದರ ಬಾಲ ಹಿಡಿದು ಕುಲುಕಬಹುದಾದಷ್ಟು ಪಳಗಿದ್ದರು. ನಾನು ನೋಡಿದ್ದೇನೆ. ನೋಡದವರು ಪುಷ್ಪಾವತಿಯವರು.

“ಮೈದಾನಕ್ಕೆ ಬಾ ಅಂದ್ರೆ ಬರುವುದಿಲ್ಲ,” ಎಂದು ಮಧ್ವರಾಜರು ನನ್ನೆದುರೇ ದೂರುತ್ತಿದ್ದರು.

“ಭಾನುವಾರ ನಂಗೆ ಬಟ್ಟೆ ಒಗೆಯಲಿಕ್ಕಿಲ್ವಾ? ನಿಮ್ಮ ಬೆಂಡಿನ ಕಾಗೆ ನೋಡ್ಲಿಕ್ಕೆ ಕಲ್ಯಾಣಕ್ಕೆ ಯಾರು ಬರ್ತಾರೆ? ಕಾಗೆ ಇಲ್ಲೇ ಕಿಟಕಿಗೆ ಬರ್ತದೆ.”

ಇಷ್ಟರಲ್ಲಿ ಮಧ್ವರಾಜರ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು ಮಾತ್ರ. ಠಾಣೆ ನಗರದ ನರರೋಗದ ಡಾಕ್ಟರ ಹತ್ತಿರ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಹೆಂಡತಿಗೆ ತಿಳಿಸಬಾರದೆಂದು ಮೊದಲೇ ಮಾತು ತೆಗೆದುಕೊಂಡಿದ್ದರು. ಡಾಕ್ಟರು ಕೈ ಚಾಚಿಸಿ, ನಡೆಸಿ, ಒಂದು ಸುರುಳಿ ಬರೆಯಿಸಿ ನೋಡಿದರು. ಇದು ನಿಧಾನವಾಗಿ ಬರುವ ಕಾಯಿಲೆ, ಬಂದದ್ದು ಹೋಗುವುದಿಲ್ಲ, ಮಾತ್ರೆಯಿಂದ ತಡೆದು ಇಟ್ಟುಕೊಳ್ಳಬಹುದು ಎಂದರು. ಏನು ಕೆಲಸ ಎಂದು ಕೇಳಿದರು.

“ಹೋಟೆಲಿನಲ್ಲಿ ಮ್ಯಾನೇಜರ್.”

“ಕೂತು ಮಾಡುವ ಕೆಲಸ. ಹಾಗಾದರೆ ತೊಂದರೆಯಿಲ್ಲ,” ಎಂದರು ಡಾಕ್ಟರು. ಮಧ್ವರಾಜರು ವಿಮಾನದ ಮಾತೆತ್ತಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಮಾತ್ರ, “ಅವಳೊಮ್ಮೆ ನೋಡ್ಬೇಕಿತ್ತು ಮಾರಾಯ್ರೆ. ಒಂದ್ಸಲ ಸಾಕಿತ್ತು,” ಎಂದರು.

ರಿಮೋಟಿನಲ್ಲಿ ಎಕ್ಸ್‌ಪೋ ಎಂಬ ಒಂದು ಸೆಟ್ಟಿಂಗ್ ಇದೆ. ಅದನ್ನು ಹೆಚ್ಚಿಸಿದಷ್ಟೂ ಬೆರಳಿನ ಸಣ್ಣ ಅಲುಗಾಟಗಳನ್ನು ವಿಮಾನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಜೋರಾಗಿ ತಳ್ಳಿದರೆ ಮಾತ್ರ ಕೇಳುತ್ತದೆ. ಮಧ್ವರಾಜರು ಅದನ್ನು ಏರಿಸುತ್ತ ಹೋದರು. ಬೆರಳಿನ ನಡುಕ ವಿಮಾನಕ್ಕೆ ಮುಟ್ಟದಾಯಿತು. ಆದರೆ ಹೋವರ್ ಆಗುವುದೇ ಆ ಸಣ್ಣ ಅಲುಗಾಟಗಳಿಂದ. ನಡುಕ ಮುಚ್ಚಿಟ್ಟರೆ ವಿಮಾನ ನಿಲ್ಲುವುದಿಲ್ಲ. ವಿಮಾನ ನಿಲ್ಲಬೇಕಾದರೆ ನಡುಕ ಜಗತ್ತಿಗೇ ಕಾಣುತ್ತದೆ. ಈ ಇಕ್ಕಟ್ಟಿಗೆ ಅವರು ಕಂಡುಕೊಂಡ ಉಪಾಯವೆಂದರೆ ಒಂದು ಸ್ವಿಚ್ಚು. ಮೇಲೆ ಇದ್ದರೆ ವಿಮಾನ ಕಿವುಡು, ಕೆಳಗೆ ಮಾಡಿದರೆ ಎಲ್ಲವೂ ಕೇಳುತ್ತದೆ. ಅದನ್ನು ಕೆಳಗೆ ಮಾಡುವ ಧೈರ್ಯ ಮಾತ್ರ ಭಾನುವಾರದಿಂದ ಭಾನುವಾರಕ್ಕೆ ಮುಂದೆ ಹೋಗುತ್ತಿತ್ತು.

ಹೀಗಿರುವಾಗ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಯಜ್ಞೇಶ್ವರರಿಗೆ ಒಂದು ಕನಸು ಬಿತ್ತು. ಯಜ್ಞೇಶ್ವರರು ಕೇಟರಿಂಗ್ ನಡೆಸುವವರು. ಅವರ ಕನಸುಗಳಲ್ಲಿ ಸಾಮಾನ್ಯವಾಗಿ ಅವರೇ ಮಧ್ಯದಲ್ಲಿ ಇರುತ್ತಾರೆ. ರಾಜ್ಯೋತ್ಸವದ ದಿನ, ಶಾಲೆಯ ಮೈದಾನದಲ್ಲಿ, ವೇದಿಕೆಯ ಮೇಲೆ ತಾವು ಮೈಸೂರು ಪೇಟ ಧರಿಸಿ ನಿಂತಿರಬೇಕು; ಮಧ್ವರಾಜರ ವಿಮಾನ ಹಾರಿ ಬಂದು ಎದುರಿಗೆ ನೆಟ್ಟಗೆ ನಿಂತು ವಂದನೆ ಸಲ್ಲಿಸಬೇಕು.

“ಮಧ್ವರಾಜಣ್ಣ, ನಿಮ್ಮ ವಿಮಾನ ನಿಲ್ತದಂತಲ್ಲ, ಸಿಪಾಯಿ ಹಾಗೆ? ಸಾಕು. ನಾನು ಸೆಲ್ಯೂಟ್ ತಗೊಳ್ತೇನೆ. ಉಳಿದದ್ದು ನಿಮ್ಮದು.”

ಉಳಿದದ್ದು ಎಂದರೆ ಎಲ್ಲವೂ. ಮಧ್ವರಾಜರು ಒಪ್ಪಿಕೊಂಡರು. ಅಧ್ಯಕ್ಷರಿಗೆ ವಂದಿಸುವ ಆಸೆ ಅವರಿಗೆ ಇರಲಿಲ್ಲ. ಆದರೆ ರಾಜ್ಯೋತ್ಸವಕ್ಕೆ ಪುಷ್ಪಾವತಿಯವರು ಮಹಿಳಾ ವಿಭಾಗದ ಪರವಾಗಿ ಮೊದಲ ಸಾಲಿನಲ್ಲಿ ಕೂರುವುದು ಖಂಡಿತವಾಗಿತ್ತು.

ಆ ದಿನ ಸಂಜೆ ಮೈದಾನದ ಮೂಲೆಯಲ್ಲಿ ಮಧ್ವರಾಜರು ವಿಮಾನ ಸಿದ್ಧಮಾಡುತ್ತಿದ್ದಾಗ ಸಮಿತಿಯವರು ಒಬ್ಬೊಬ್ಬರಾಗಿ ಬಂದರು. ನಮ್ಮವರು ಹೊಸ ಗ್ರೈಂಡರ್ ತಂದರೂ ಪೂಜೆ ಮಾಡದೆ ಗುಂಡಿ ಒತ್ತುವವರಲ್ಲ. ವಿಮಾನವನ್ನು ಸುಮ್ಮನೆ ಬಿಡುವುದುಂಟೇ? ಖಜಾಂಚಿಗಳು ಬಾಲಕ್ಕೆ ಅರಿಸಿನ-ಕುಂಕುಮ ಬಣ್ಣದ ರಿಬ್ಬನ್ ಕಟ್ಟಿದರು. ಮಹಿಳಾ ವಿಭಾಗದಿಂದ ಒಂದು ಸೇವಂತಿಗೆ ಬಂತು. ಯಜ್ಞೇಶ್ವರರ ಕೇಟರಿಂಗಿನ ಸ್ಟಿಕ್ಕರು ಎರಡೂ ರೆಕ್ಕೆಗಳ ಮೇಲೆ ಏರಿತು. ಒಂದೇ ಕಡೆ ಅಂಟಿಸಿದರೆ ತೂಕ ತಪ್ಪುತ್ತದೆಂಬ ವಿಜ್ಞಾನ ಅವರಿಗೂ ಗೊತ್ತಿತ್ತು.

“ಸ್ವಾಮಿ, ಸಾಮಾನು ಹೇರ್ಲಿಕ್ಕೆ ಇದು ಅಟ್ಟ ಅಲ್ಲ, ವಿಮಾನ,” ಎಂದರು ಮಧ್ವರಾಜರು.

“ಒಂದು ಹೂವು ಭಾರ ಆಗ್ತದಾ? ದೇವರ ಹೂವು!”

ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ತಂದ ಖಜಾಂಚಿಗಳು ವಿಮಾನವನ್ನು ಸುತ್ತಿ ಸುತ್ತಿ ನೋಡಿದರು. “ಚಕ್ರವೇ ಇಲ್ವಲ್ಲ, ನಿಂಬೆಹಣ್ಣು ಎಲ್ಲಿ ಇಡುವುದು?”

“ಚಹಾಕ್ಕೆ ಹಿಂಡಿ ಬಿಡ್ರಿ,” ಎಂದ ವಿಮಾನ ಹಿಡಿದು ನಿಂತಿದ್ದ ರೇವಣಸಿದ್ದ.

ಕರ್ಪೂರದ ಆರತಿ ತಟ್ಟೆ ಬಾಲದ ಹತ್ತಿರ ಸುಳಿದಾಗ ಫೋಮಿನ ಅಂಚು ಉಗುರಿನಷ್ಟು ಸುಟ್ಟು ಮುದುಡಿತು. ಮಧ್ವರಾಜರು ವಿಮಾನವನ್ನು ತಮ್ಮ ಕಡೆ ಎಳೆದುಕೊಂಡರು. ರಿಬ್ಬನ್ ಬಿಚ್ಚಿ ಜೇಬಿಗೆ ಹಾಕಿಕೊಂಡರು, ಹೂವನ್ನು ಕಿವಿಯ ಮೇಲೆ ಇಟ್ಟುಕೊಂಡರು, ಸ್ಟಿಕ್ಕರ್ ಕಿತ್ತರೆ ರೆಕ್ಕೆಯೇ ಹರಿಯುತ್ತದೆಂದು ಬಿಟ್ಟರು. ಸಂಜೆಯ ಮಾತ್ರೆಯನ್ನು ಅವರು ಹೊತ್ತಿಗೆ ಮೊದಲೇ ನುಂಗಿದ್ದು ನನಗೆ ಗೊತ್ತಿತ್ತು. ಆದರೂ ರಿಮೋಟ್ ಹಿಡಿದ ಬಲ ಹೆಬ್ಬೆರಳು ಕೂತಲ್ಲಿ ಕೂರುತ್ತಿರಲಿಲ್ಲ.

ರೇವಣಸಿದ್ದ ವಿಮಾನವನ್ನು ಗಾಳಿಗೆ ಬಿಟ್ಟ. ಅದು ಏರಿತು, ವೇದಿಕೆಯ ಸುತ್ತ ಒಂದು ಸುತ್ತು ಬಂತು, ಒಂದು ಪಲ್ಟಿ ಹೊಡೆಯಿತು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ವೇದಿಕೆಯ ಅಂಚಿಗೆ ಬಂದು, ಪೇಟ ಸರಿಮಾಡಿಕೊಂಡು, ಎದೆಯುಬ್ಬಿಸಿ ನಿಂತರು. ಮಧ್ವರಾಜರು ವಿಮಾನವನ್ನು ಅವರ ಎದುರಿಗೆ ತಂದು ಮೂಗು ಮೇಲೆತ್ತಿದರು. ಕಿವುಡು ವಿಮಾನ ನಿಲ್ಲದೆ ಹಿಂದಕ್ಕೆ ವಾಲಿ ಜಾರಿತು. ತಪ್ಪಿಸಿಕೊಂಡು ಮತ್ತೊಂದು ಸುತ್ತು. ಮತ್ತೆ ಮೂಗು ಮೇಲೆ, ಮತ್ತೆ ಜಾರಿತು. ಮೂರನೆಯ ಸಲ ತರುವ ಮೊದಲು ಮಧ್ವರಾಜರು ನನ್ನ ಕಡೆ ಒಮ್ಮೆ ನೋಡಿ, ಸ್ವಿಚ್ಚನ್ನು ಕೆಳಗೆ ಮಾಡಿದರು.

ವಿಮಾನಕ್ಕೆ ಈಗ ಎಲ್ಲವೂ ಕೇಳಿಸಿತು. ರೆಕ್ಕೆ, ಬಾಲ, ಮೈ, ಸ್ಟಿಕ್ಕರು ಎಲ್ಲವೂ ಗದಗದನೆ ನಡುಗತೊಡಗಿದವು. ನಡುಗುತ್ತಲೇ ಮೂಗು ಮೇಲಾಯಿತು, ಬಾಲ ಕೆಳಗಾಯಿತು, ಮುಂದೆ ಹೋಗುವುದು ನಿಂತಿತು. ನಾನು ಉಸಿರೆಳೆದು ಬಿಡುವಷ್ಟು ಹೊತ್ತು ಅದು ಅಧ್ಯಕ್ಷರ ಎದುರು ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ಆಮೇಲೆ ಎಡಕ್ಕೆ ತಿರುಚಿಕೊಂಡು, ಅಧ್ಯಕ್ಷರ ಪಾದದ ಬಳಿ ಅಂಗಾತ ಬಿದ್ದು, ಮೂಗು ಮುರಿದುಕೊಂಡಿತು. ಇದೂ ಕಾರ್ಯಕ್ರಮದ ಭಾಗವೆಂದು ತಿಳಿದ ಯಜ್ಞೇಶ್ವರರು ಕೈಯೆತ್ತಿ ಆಶೀರ್ವದಿಸಿದರು.

ನಂತರ ಮೈಕಿನಲ್ಲೇ ವಿಚಾರಣೆ ನಡೆಯಿತು. ಆರತಿ ಬಾಲಕ್ಕೆ ತಾಗಿತೆಂದು ಖಜಾಂಚಿಗಳು ಹೇಳಿದರು. ರಿಬ್ಬನ್ನು ಕಟ್ಟಿ ಬಿಚ್ಚಿದ್ದು ಅಪಶಕುನ ಎಂದು ಮಹಿಳಾ ವಿಭಾಗ ಹೇಳಿತು. ಇಷ್ಟು ಜನರ ಕಣ್ಣು ಒಮ್ಮೆಗೇ ಬಿದ್ದರೆ ಯಾವ ವಿಮಾನ ತಡೆದುಕೊಳ್ಳುತ್ತದೆ, ದೃಷ್ಟಿ ತೆಗೆಯದೆ ಹಾರಿಸಿದ್ದೇ ತಪ್ಪು ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ತಮ್ಮ ಸ್ಟಿಕ್ಕರಿನ ವಿಷಯ ಅವರು ಎತ್ತಲಿಲ್ಲ. ಆಗ ಮಧ್ವರಾಜರು ವೇದಿಕೆ ಹತ್ತಿ, ಎಡಗೈಯಿಂದ ಮೈಕ್ ತೆಗೆದುಕೊಂಡರು.

“ಆರತಿಯದ್ದು ತಪ್ಪಲ್ಲ. ಯಾರದ್ದೂ ತಪ್ಪಿಲ್ಲ. ನನ್ನ ಕೈ ನಡುಗ್ತದೆ. ಅದಕ್ಕೇ ಬಿದ್ದದ್ದು.”

ಯಜ್ಞೇಶ್ವರರು ಮೈಕ್ ಕಸಿದುಕೊಂಡರು.

“ನೋಡಿ, ನೋಡಿ! ಎಂಥ ದೊಡ್ಡ ಮನಸ್ಸು! ಎಲ್ಲರ ತಪ್ಪು ತನ್ನ ತಲೆ ಮೇಲೆ ಹಾಕಿಕೊಳ್ತಾರೆ ಇವರು. ಇಂಥವರಿಂದಲೇ ನಮ್ಮ ಬಳಗ ಉಳಿದದ್ದು!”

ಚಪ್ಪಾಳೆ ಬಿತ್ತು. ವಿಮಾನ ಹಾರಿದಾಗ ಬಿದ್ದದ್ದಕ್ಕಿಂತ ಜೋರಾದ ಚಪ್ಪಾಳೆ. ಬಳಗದ ಹತ್ತಿರ ಯಾವಾಗಲೂ ಒಂದು ಹೆಚ್ಚುವರಿ ಶಾಲು ಇರುತ್ತದೆ. ಅದನ್ನು ಮಧ್ವರಾಜರಿಗೆ ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿ ಹಿಡಿದ ಬಲಗೈ ಗಡಗಡ ನಡುಗಿ, ಒಂದು ಮೋಸಂಬಿ ಉರುಳಿ ವೇದಿಕೆಯ ಕೆಳಗೆ ಬಿತ್ತು.

“ಪಾಪ, ಎಷ್ಟು ಭಾವುಕರಾಗಿದ್ದಾರೆ ನೋಡಿ,” ಎಂದು ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡರು. ಮುಂದಿನ ವರ್ಷ ಇದರ ಎರಡರಷ್ಟು ದೊಡ್ಡ ವಿಮಾನ ಮಧ್ವರಾಜಣ್ಣನವರೇ ಹಾರಿಸುತ್ತಾರೆ ಎಂದು ಅಧ್ಯಕ್ಷರು ಘೋಷಿಸಿದರು. ಮಧ್ವರಾಜರನ್ನು ಯಾರೂ ಕೇಳಲಿಲ್ಲ.

ರಿಕ್ಷಾದಲ್ಲಿ ಗಂಡ, ಹೆಂಡತಿ, ನಾನು ಮೂವರೂ ಒತ್ತಿಕೊಂಡು ಕೂತೆವು. ಮುರಿದ ವಿಮಾನ ಮಧ್ವರಾಜರ ಮೊಣಕಾಲ ಮೇಲಿತ್ತು. ಅವರು ಹೆಂಡತಿಯ ಕಡೆ ತಿರುಗಿ, ಮನೆಯಲ್ಲಿ ಮಾತ್ರ ಆಡುವ ತುಳುವಿನಲ್ಲಿ ಕೇಳಿದರು.

“ಒಂದು ಗಳಿಗೆ ನಿಂತಿತ್ತು. ನೆಟ್ಟಗೆ. ನೋಡಿದಿಯಲ್ಲ?”

ಪುಷ್ಪಾವತಿಯವರು ಹೊರಗೆ ನೋಡುತ್ತಿದ್ದರು.

“ಇಲ್ಲ,” ಎಂದರು. “ನಾನು ಆಗ ನಿಮ್ಮ ಕೈ ನೋಡುತ್ತಿದ್ದೆ. ಎಷ್ಟು ಸಮಯದಿಂದ ಹೀಗೆ?”

ಎಡಕ್ಕೋ ಬಲಕ್ಕೋ ಎಂದು ರಿಕ್ಷಾದವನು ಮರಾಠಿಯಲ್ಲಿ ಕೇಳಿದ. ಮಧ್ವರಾಜರು ಬಲಗೈಯನ್ನು ಮುರಿದ ವಿಮಾನದ ಅಡಿಗೆ ಸರಿಸಿಕೊಂಡರು. ಬಲಕ್ಕೆ ಎಂದು ನಾನೇ ಹೇಳಿದೆ.